ಅವಧಿಗೆ ಮುನ್ನ ಋಣಮುಕ್ತಿ: ಜಮಖಂಡಿ ಸೀಮೆಯ ಮನೆಸಾಲಗಳ ಒಂದು ಸಮೀಕ್ಷೆ

ಕಾರ್ಖಾನೆಯ ಬಿಲ್ಲು ಜಮೆಯಾಗುವ ದಿನವನ್ನೇ ಎದುರುನೋಡುವ ಮುಧೋಳದ ಕಬ್ಬು ಬೆಳೆಗಾರನಿಗೂ, ವಾರದ ಮಜೂರಿಯಲ್ಲಿ ಮನೆ ತೂಗಿಸುವ ರಬಕವಿ-ಬನಹಟ್ಟಿಯ ನೇಕಾರನಿಗೂ, ತಿಂಗಳ ಸಂಬಳವನ್ನು ನೆಚ್ಚಿದ ಜಮಖಂಡಿಯ ಶಿಕ್ಷಕನಿಗೂ, ಆಲಮಟ್ಟಿಯ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟು ಪರಿಹಾರಧನವನ್ನು ಇಡಿಗಂಟಾಗಿ ಪಡೆದ ಬೀಳಗಿ ತಾಲೂಕಿನ ಸಂತ್ರಸ್ತನಿಗೂ ಬ್ಯಾಂಕು ಮುಂದಿಡುವ ಗೃಹಸಾಲದ ಕರಾರು ಒಂದೇ ಅಚ್ಚಿನದಾಗಿರುತ್ತದೆ. ತಿಂಗಳಿಗೊಂದು ಕಂತು, ಹದಿನೈದೋ ಇಪ್ಪತ್ತೋ ವರ್ಷಗಳ ಅವಧಿ, ಅಲ್ಲಿಯವರೆಗೆ ಮನೆಯ ಮೂಲಪತ್ರಗಳು ಬ್ಯಾಂಕಿನ ಕಪಾಟಿನಲ್ಲಿ. ಹಣ ಬರುವ ಬಗೆ ನಾಲ್ಕು ತೆರನಾಗಿದ್ದು ಹೋಗುವ ಬಗೆ ಮಾತ್ರ ಒಂದೇ ತೆರನಾಗಿರುವ ಈ ವೈಷಮ್ಯವನ್ನು ಗಮನಕ್ಕೆ ತಂದುಕೊಳ್ಳದೆ, 'ಮಿತವಾಗಿ ಬದುಕಿ, ಸಾಲವನ್ನು ಬೇಗ ತೀರಿಸಿ' ಎಂದು ಎಲ್ಲರಿಗೂ ಒಂದೇ ಉಪದೇಶವನ್ನು ಕೊಡುವುದು ಸುಲಭವಾದರೂ ಸಾರ್ಥಕವಲ್ಲ. ಮಿತವ್ಯಯದಿಂದ ಉಳಿದ ಹಣವು ಯಾವ ಕಾಲದಲ್ಲಿ, ಯಾವ ಸಾಲದ ಅಸಲಿಗೆ ಹೋಗಿ ಸೇರುತ್ತದೆಂಬುದೇ ಈ ಪ್ರಶ್ನೆಯ ಹೃದಯಸ್ಥಾನವೆಂದು ನನ್ನ ದೃಢವಾದ ಅಭಿಪ್ರಾಯ. ಪ್ರಸ್ತುತ ಲೇಖನದಲ್ಲಿ ಆ ದೃಷ್ಟಿಯಿಂದಲೇ ಈ ವಿಷಯವನ್ನು ಸಮಗ್ರವಾಗಿ ಅವಲೋಕಿಸಲು ಪ್ರಯತ್ನಿಸುತ್ತೇನೆ.

ಈ ಸೀಮೆಗೆ ಒತ್ತೆಯ ಸಾಲ ಹೊಸದಲ್ಲ. 1948ರ ಮಾರ್ಚಿನಲ್ಲಿ ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಜಮಖಂಡಿಯೂ ಬನಹಟ್ಟಿಯೂ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ, ಮುಧೋಳವು ಘೋರ್ಪಡೆಯವರ ಸಂಸ್ಥಾನಕ್ಕೆ, ರಬಕವಿಯು ಸಾಂಗಲಿ ಸಂಸ್ಥಾನಕ್ಕೆ, ಬೀಳಗಿಯು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದುವು. ಇಂದು ಒಂದೇ ನಗರಸಭೆಯ ಕಕ್ಷೆಯಲ್ಲಿರುವ ರಬಕವಿ ಮತ್ತು ಬನಹಟ್ಟಿಗಳು ಅಂದು ಎರಡು ಪ್ರಭುತ್ವಗಳ ಅಧೀನದಲ್ಲಿದ್ದುವೆಂಬುದನ್ನು ನೆನೆದರೆ, ಸಾಲಗಾರನು ನ್ಯಾಯವನ್ನರಸಿ ಹೋಗಬೇಕಾದ ಕಚೇರಿಯೂ ಗಾವುದ ದೂರದೊಳಗೆ ಬದಲಾಗುತ್ತಿದ್ದುದು ಮನದಟ್ಟಾಗುತ್ತದೆ. ಆದರೆ ಆಳುವವರು ಯಾರೇ ಇದ್ದರೂ ಸಾವಕಾರನ ಕೀರ್ದಿ ಪುಸ್ತಕ ಒಂದೇ ರೀತಿಯದಾಗಿತ್ತು. ಹೊಲವನ್ನೋ ಮನೆಯನ್ನೋ ಗಹಾಣ ಬರೆದುಕೊಟ್ಟು ತಂದ ಹಣಕ್ಕೆ ಬಡ್ಡಿಯು ಅಸಲಾಗಿ, ಅಸಲು ಮತ್ತೆ ಬಡ್ಡಿಯನ್ನು ಹೆತ್ತು, ಅಜ್ಜನು ಹೆಬ್ಬೆಟ್ಟೊತ್ತಿದ ಖತವನ್ನು ಮೊಮ್ಮಗನು ಬಿಡಿಸಿಕೊಳ್ಳಲಾರದೆ ಹೋದ ಸಂಸಾರಗಳು ಎಲ್ಲ ಕಡೆಯೂ ಇದ್ದುವು.

ಇದಕ್ಕೆ ತಡೆಯೇ ಇರಲಿಲ್ಲವೆಂದಲ್ಲ. ಒಂದೇ ಸಲಕ್ಕೆ ವಸೂಲು ಮಾಡತಕ್ಕ ಬಾಕಿ ಬಡ್ಡಿಯು ಅಸಲಿನ ಮೊತ್ತವನ್ನು ಮೀರಕೂಡದೆಂಬ ದಾಮದುಪ್ಪಟ ನಿಯಮವು ಧರ್ಮಶಾಸ್ತ್ರದಿಂದ ಬಂದು ಮುಂಬಯಿ ಇಲಾಖೆಯ ನ್ಯಾಯಾಲಯಗಳಲ್ಲಿಯೂ ಮಾನ್ಯವಾಗಿತ್ತು. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟ ತರುವಾಯ 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಖತದಲ್ಲಿ ಬರೆದ ಅಂಕಿಯನ್ನೇ ನಂಬದೆ ಸಾಲದ ಮೂಲವನ್ನು ಕೆದಕಿ ನೋಡುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ಕೊಟ್ಟಿತು. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದ ಮೇಲೆ ಈ ಉತ್ತರ ಭಾಗದ ಹಳ್ಳಿಹಳ್ಳಿಗಳಲ್ಲಿಯೂ ಸಂಘಗಳು ಕ್ರಮೇಣ ತಲೆಯೆತ್ತಿದುವು. ಮುಂದೆ 1947ರಲ್ಲಿ ಮುಂಬಯಿ ಸರಕಾರದ ಕೃಷಿಕ ಋಣಿಗಳ ಪರಿಹಾರ ಕಾಯಿದೆಯೂ, ದೇವರಾಜ ಅರಸರ ಆಡಳಿತದಲ್ಲಿ 1976ರ ಕರ್ನಾಟಕ ಋಣಪರಿಹಾರ ಕಾಯಿದೆಯೂ ಬಂದುವು. ಇವೆಲ್ಲ ಸಾಲಗಾರನನ್ನು ಮೇಲಿನಿಂದ ಕೈಯೆತ್ತಿ ಉಳಿಸುವ ಉಪಾಯಗಳಾಗಿದ್ದುವು. ತನ್ನ ದುಡಿಮೆಯ ಬಲದಿಂದಲೇ ಅವಧಿಗೆ ಮುಂಚೆ ಹಣ ಕಟ್ಟಿ ಹೊರಬರುವೆನೆನ್ನುವವನಿಗೆ ಕಾನೂನು ಎಷ್ಟು ಅನುಕೂಲವಾಗಿತ್ತೆಂಬುದು ಬೇರೆಯೇ ಕತೆ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 60ನೆಯ ಕಲಮು ಅಡಮಾನವನ್ನು ಬಿಡಿಸಿಕೊಳ್ಳುವ ಹಕ್ಕನ್ನು ಸಾಲಗಾರನಿಗೆ ಸ್ಪಷ್ಟವಾಗಿ ಕೊಡುತ್ತದೆ. ಆದರೆ ಅಸಲು ಸಂದಾಯವಾಗಬೇಕಾದ ಕಾಲ ಪ್ರಾಪ್ತವಾದ ನಂತರ ಎಂಬ ಮಾತು ಅದರೊಳಗೇ ಇದೆ. ಅಂದರೆ ಮುದ್ದತಿಗೆ ಮುಂಚೆ ಹಣ ತಂದು ಎದುರಿಗಿಟ್ಟವನನ್ನು ಸಾಲ ಕೊಟ್ಟವನು ಹಿಂದಕ್ಕೆ ಕಳಿಸಬಹುದಾಗಿತ್ತು, ಇಲ್ಲವೆ ತನ್ನ ಮುಂದಿನ ಬಡ್ಡಿಯ ನಷ್ಟಕ್ಕೆಂದು ದಂಡವನ್ನು ಕೇಳಬಹುದಾಗಿತ್ತು. ಮನೆಸಾಲಕ್ಕೆಂದೇ 1977ರಲ್ಲಿ ಹಸ್ಮುಖ್ ಪಾರೇಖರು ಎಚ್.ಡಿ.ಎಫ್.ಸಿ.ಯನ್ನು ಸ್ಥಾಪಿಸಿ, ತರುವಾಯ ಬ್ಯಾಂಕುಗಳೂ ಈ ಕ್ಷೇತ್ರಕ್ಕೆ ಇಳಿದ ದಶಕಗಳಲ್ಲಿಯೂ ಅವಧಿಪೂರ್ವ ಪಾವತಿಯ ಶುಲ್ಕವು ಬಹುಕಾಲ ಉಳಿದುಕೊಂಡಿತ್ತು. ಮಿತವ್ಯಯ ಮಾಡಿದವನಿಗೇ ದಂಡ! 2012ರ ಜೂನಿನಲ್ಲಿ ರಿಜರ್ವ್ ಬ್ಯಾಂಕು ಬದಲಾಗುವ ಬಡ್ಡಿದರದ ಗೃಹಸಾಲಗಳ ಮೇಲೆ ಬ್ಯಾಂಕುಗಳು ಇಂಥ ಶುಲ್ಕವನ್ನು ವಿಧಿಸಕೂಡದೆಂದು ಆಜ್ಞೆ ಮಾಡಿತು. 2014ರ ಮೇ ತಿಂಗಳಲ್ಲಿ ವ್ಯಕ್ತಿಗಳು ಪಡೆದ, ಬದಲಾಗುವ ದರದ ಇತರ ಅವಧಿಸಾಲಗಳಿಗೂ ಅದನ್ನು ವಿಸ್ತರಿಸಿತು. ಇಂದು ನಮ್ಮ ಗೃಹಸ್ಥನು ಒಂದು ಸಾವಿರ ರೂಪಾಯಿಯನ್ನು ಹೆಚ್ಚಿಗೆ ಕಟ್ಟಿ, ಅದಷ್ಟೂ ಅಸಲಿಗೆ ಜಮೆಯಾಗಲೆಂದು ನಿಸ್ಸಂಕೋಚವಾಗಿ ಕೇಳುವ ಸ್ವಾತಂತ್ರ್ಯವು ಈ ಆಜ್ಞೆಗಳಿಂದ ದೊರೆತದ್ದು. ನಿಶ್ಚಿತ ದರದ ಸಾಲವನ್ನು ಪಡೆದವರು ಮಾತ್ರ ತಮ್ಮ ಕರಾರನ್ನು ಓದಿಸಿ ನೋಡಿಕೊಳ್ಳತಕ್ಕದ್ದು.

ಆ ಒಂದು ಸಾವಿರಕ್ಕೆ ಎಷ್ಟು ಬಲವಿದೆಯೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಹತ್ತು ಲಕ್ಷ ರೂಪಾಯಿಯ ಸಾಲ, ಶೇ. 8.5ರ ಬಡ್ಡಿ, ಇಪ್ಪತ್ತು ವರ್ಷಗಳ ಅವಧಿ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು 8,678 ರೂಪಾಯಿ. ಬ್ಯಾಂಕಿನವರು ಕೊಡುವ ಮರುಪಾವತಿ ಪಟ್ಟಿಯ ಮೊದಲನೆಯ ಸಾಲನ್ನು ಬೆರಳಿಟ್ಟು ಓದಿದರೆ, ಆ 8,678ರಲ್ಲಿ 7,083 ರೂಪಾಯಿ ಬಡ್ಡಿಗೆ ಹೋಗಿ, ಅಸಲಿಗೆ ಸೇರಿದ್ದು ಕೇವಲ 1,595 ಎಂಬುದು ಕಾಣುತ್ತದೆ. ಪುಟಗಳನ್ನು ಮಗುಚುತ್ತ ಹೋದರೂ ಅಸಲಿನ ಕಾಲಮಿನ ಅಂಕಿ ಬಲು ನಿಧಾನವಾಗಿ ಏರುತ್ತದೆ. ಪಡೆದ ಸಾಲದ ಅರ್ಧ ತೀರುವ ಹೊತ್ತಿಗೆ ಹದಿಮೂರು ವರ್ಷ ಹತ್ತು ತಿಂಗಳು ಸಂದುಹೋಗಿರುತ್ತವೆ. ಇಪ್ಪತ್ತು ವರ್ಷ ತಪ್ಪದೆ ಕಟ್ಟಿದವನು ಒಟ್ಟು ಕೊಟ್ಟದ್ದು ಸುಮಾರು 20 ಲಕ್ಷ 83 ಸಾವಿರ, ಅರ್ಥಾತ್ ಬಡ್ಡಿಯೇ ಅಸಲನ್ನು ಮೀರಿತು. ದಾಮದುಪ್ಪಟ ನಿಯಮವು ಬಾಕಿ ಬಿದ್ದ ಬಡ್ಡಿಗೆ ಸಂಬಂಧಿಸಿದ್ದೇ ಹೊರತು ಹೀಗೆ ಕಾಲಕಾಲಕ್ಕೆ ಸಂದ ಬಡ್ಡಿಗಲ್ಲವಾದುದರಿಂದ ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೂ ಮೊತ್ತವನ್ನು ಕೂಡಿಸಿ ನೋಡಿದ ಯಾವ ಗೃಹಿಣಿಗೂ ಅದು ಎದೆಗೆ ತಾಗದಿರದು.

ಅದೇ ಸಾಲಕ್ಕೆ ಮೊದಲ ತಿಂಗಳಿಂದಲೇ ಒಂದು ಸಾವಿರವನ್ನು ಹೆಚ್ಚಿಗೆ ಕಟ್ಟುತ್ತ ಬಂದರೆ ಸಾಲವು ಹದಿನೈದೂವರೆ ವರ್ಷದ ಸುಮಾರಿಗೆ ಹರಿದುಹೋಗುತ್ತದೆ; ಉಳಿಯುವ ಬಡ್ಡಿ ಸುಮಾರು 2 ಲಕ್ಷ 78 ಸಾವಿರ. ಹೆಚ್ಚಿಗೆ ಕಟ್ಟುವುದು ಎರಡು ಸಾವಿರವಾದರೆ ಹದಿಮೂರು ವರ್ಷದೊಳಗೇ ಮನೆ ಬಿಡುಗಡೆಯಾಗಿ, ಉಳಿಯುವ ಬಡ್ಡಿಯು 4 ಲಕ್ಷ 36 ಸಾವಿರದಷ್ಟಾಗುತ್ತದೆ. ಇಡಿಗಂಟಿನ ವಿಷಯದಲ್ಲಂತೂ ಕಾಲದ ಮಹಿಮೆ ಇನ್ನೂ ವಿಸ್ಮಯಕರವಾದದ್ದು. ಐವತ್ತು ಸಾವಿರ ರೂಪಾಯಿಯನ್ನು ಸಾಲದ ಮೊದಲನೆಯ ವರ್ಷದ ಕೊನೆಗೆ ಅಸಲಿಗೆ ಕಟ್ಟಿದರೆ ಇಪ್ಪತ್ತಾರು ಕಂತುಗಳು ಕಡಿಮೆಯಾಗಿ, ಕಟ್ಟಿದ್ದನ್ನು ಕಳೆದು, ಒಂದು ಲಕ್ಷ ಎಪ್ಪತ್ತೆಂಟು ಸಾವಿರದಷ್ಟು ಉಳಿತಾಯವಾಗುತ್ತದೆ; ಅದೇ ಐವತ್ತು ಸಾವಿರವನ್ನು ಹದಿನೈದನೆಯ ವರ್ಷದ ಕೊನೆಗೆ ಕಟ್ಟಿದರೆ ಉಳಿಯುವುದು ಇಪ್ಪತ್ನಾಲ್ಕು ಸಾವಿರದ ಸುತ್ತಮುತ್ತ ಮಾತ್ರ. ಮಕ್ಕಳು ದೊಡ್ಡವರಾದ ಮೇಲೆ, ಕೈ ಸಡಿಲವಾದ ಮೇಲೆ ಸಾಲದ ಕಡೆಗೆ ನೋಡಿದರಾಯಿತೆಂದು ಮುಂದೂಡುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇದಲ್ಲದೆ, ಹೊಟ್ಟೆಬಟ್ಟೆಗಳಲ್ಲಿ ಕಾಸನ್ನೂ ಕಡಿಮೆ ಮಾಡದೆ ಸಿದ್ಧಿಸುವ ಒಂದು ಲಾಭವುಂಟು; ಅದನ್ನು ಬಹಳ ಜನ ಅರಿಯದೆ ಬಿಡುತ್ತಾರೆ. 2025ರ ಫೆಬ್ರುವರಿಯಿಂದ ಡಿಸೆಂಬರಿನವರೆಗೆ ರಿಜರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರವು ಶೇ. 6.50ರಿಂದ 5.25ಕ್ಕೆ ಇಳಿಯಿತು. ಇಂಥ ಇಳಿಕೆ ಸಾಲಕ್ಕೆ ಅನ್ವಯಿಸಿದಾಗ ಕಂತನ್ನು ತಗ್ಗಿಸಿಕೊಳ್ಳುವುದಕ್ಕಿಂತ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ತಗ್ಗಿಸಿಕೊಳ್ಳುವುದು ಮೇಲು. ಮೇಲಿನ ಉದಾಹರಣೆಯ ಸಾಲಕ್ಕೆ ಆರಂಭದಲ್ಲಿಯೇ ಬಡ್ಡಿ ಶೇ. 7.25ಕ್ಕೆ ಇಳಿದು ಕಂತು ಮಾತ್ರ 8,678 ರೂಪಾಯಿಯೇ ಉಳಿದರೆ, ಇಪ್ಪತ್ತು ವರ್ಷದ ಸಾಲ ಹದಿನಾರೂವರೆ ವರ್ಷಕ್ಕೆ ಮುಗಿಯುತ್ತದೆ. ಇದಕ್ಕೆ ವಿಪರೀತವಾಗಿ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯವರೆಗೆ ರೆಪೋ ದರ ಶೇ. 4ರಿಂದ 6.50ಕ್ಕೆ ಏರಿದಾಗ, ಕಂತು ಅಷ್ಟೇ ಇದ್ದು ಅವಧಿಯು ಹೇಳದೆ ಕೇಳದೆ ಬೆಳೆದ ಸಾಲಗಳೂ ಇದ್ದುವು. ಆದಕಾರಣ 2023ರ ಆಗಸ್ಟಿನಲ್ಲಿ ರಿಜರ್ವ್ ಬ್ಯಾಂಕು, ದರ ಬದಲಾದಾಗ ಕಂತನ್ನು ಏರಿಸಬೇಕೋ ಅವಧಿಯನ್ನು ಬೆಳೆಸಬೇಕೋ ಎಂಬ ಆಯ್ಕೆಯನ್ನೂ, ಭಾಗಶಃ ಇಲ್ಲವೆ ಪೂರ್ಣವಾಗಿ ಮುಂಗಡ ಕಟ್ಟುವ ಅವಕಾಶವನ್ನೂ ಸಾಲಗಾರನಿಗೆ ಕೊಡಬೇಕೆಂದು ವಿಧಿಸಿತು. ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ 'ಇನ್ನೆಷ್ಟು ಹಪ್ತೆ ಉಳಿದುವು?' ಎಂದು ಕೇಳುವುದಕ್ಕೆ ಅರ್ಧ ದಿನದ ದುಡಿಮೆ ಹೋದರೂ ಚಿಂತೆಯಿಲ್ಲ.

ಇನ್ನು ಮನೆವಾರ್ತೆಯ ಮಿತವ್ಯಯದ ಕಡೆಗೆ ಬರೋಣ. ಈ ಭಾಗದ ಹೆಣ್ಣುಮಕ್ಕಳಿಗೆ ಮಿತವ್ಯಯವನ್ನು ಹೊಸದಾಗಿ ಕಲಿಸತಕ್ಕ ಅಗತ್ಯವೇ ಇಲ್ಲ. ಸುಗ್ಗಿಯ ಕಾಲಕ್ಕೆ ಧಾರಣೆ ಇಳಿದಿರುವಾಗಲೇ ವರ್ಷದ ಬಿಳಿಜೋಳವನ್ನು ಕೊಂಡು ಬಿಸಿಲಿಗೆ ಹಾಕಿ ಬೇವಿನೆಲೆ ಬೆರೆಸಿ ತುಂಬಿಡುವುದು, ಬೇಸಗೆಯಲ್ಲಿ ಶ್ಯಾವಿಗೆ, ಸಂಡಿಗೆ, ಹಪ್ಪಳಗಳನ್ನು ಓಣಿಯವರೆಲ್ಲ ಕೂಡಿ ಮಾಡಿಕೊಳ್ಳುವುದು, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿಗಳಿಂದಲೇ ಕಾಯಿಪಲ್ಲೆ ತುಟ್ಟಿಯಾದ ತಿಂಗಳುಗಳನ್ನು ದಾಟಿಸುವುದು ಇಲ್ಲಿಯ ರೂಢಿ. ಒಂದು ಕೌದಿಯನ್ನು ತೆಗೆದುಕೊಂಡು ನೋಡಿ: ಬಣ್ಣ ಮಾಸಿದ ಇಳಕಲ್ಲು ಸೀರೆ ಮೇಲುಹೊದಿಕೆಯಾಗಿ, ಅದರ ಕೆಳಗೆ ಸವೆದ ಧೋತರವೂ ಹರಿದ ಲಂಗಗಳೂ ಪದರುಪದರಾಗಿ ಹರಡಿ, ಅಂಚಿನಿಂದ ಆರಂಭವಾದ ದಾರದ ಗೆರೆಗಳು ಸುತ್ತುಸುತ್ತುತ್ತ ನಡುವಿಗೆ ಬಂದು ಸೇರುವಂತೆ ಹೊಲಿದ ಆ ಹೊದಿಕೆಯಲ್ಲಿ ಅಂಗಡಿಯಿಂದ ಕೊಂಡದ್ದು ದಾರವೊಂದೇ. ಎರಡು ಮೂರು ಚಳಿಗಾಲ ಮನೆಮಂದಿಯೆಲ್ಲ ಹೊದ್ದ ಮೇಲೆ ಅದರ ಹರಕು ಮತ್ತೊಂದು ಕೌದಿಯ ಒಳಪದರಾಗುತ್ತದೆ.

ಇಷ್ಟಾದರೂ ಸತ್ಯವನ್ನು ಮರೆಮಾಚಲಾಗದು. ಅಡಿಗೆಮನೆಯಲ್ಲಿ ಕಷ್ಟಪಟ್ಟು ಉಳಿಸಿದ್ದು ತಿಂಗಳಿಗೆ ಐನೂರೋ ಸಾವಿರವೋ ಆಗಬಹುದು; ಒಂದು ಮದುವೆಯ ಮಂಟಪ, ಊಟ, ಆಹೇರಿ, ಬ್ಯಾಂಡುಗಳು ಹತ್ತು ವರ್ಷಗಳ ಆ ಉಳಿತಾಯವನ್ನು ಎರಡು ದಿನಗಳಲ್ಲಿ ತಿಂದುಹಾಕುತ್ತವೆ. ಸಾಲದ ಮೇಲೆ ತಂದ ಮೋಟಾರುಸೈಕಲ್ಲು, ಪರರು ತಂದರೆಂದು ತಂದ ದೊಡ್ಡ ಫೋನು, ಇವುಗಳ ಕಂತುಗಳು ಮನೆಸಾಲದ ಕಂತಿನ ಜತೆಗೆ ಸಾಲುಗಟ್ಟಿದಾಗ ರೊಟ್ಟಿಯ ಮೇಲಿನ ಎಣ್ಣೆಯನ್ನು ಹಿಡಿದು ಫಲವೇನು? ಮಿತವ್ಯಯವು ಹೆಂಗಸರ ಪಾಲಿಗೆ ಒಲೆಯ ಬಳಿಯೂ, ಗಂಡಸರ ಪಾಲಿಗೆ ಎಲ್ಲಿಯೂ ಇಲ್ಲದಂತೆಯೂ ಹಂಚಿಕೆಯಾಗಿರುವ ಸಂಸಾರಗಳನ್ನು ಕಂಡು ನನಗೆ ವ್ಯಥೆಯಾಗುತ್ತದೆ. ಮಠಗಳ ಆಶ್ರಯದಲ್ಲಿ ನಡೆಯುವ ಸಾಮೂಹಿಕ ವಿವಾಹಗಳಲ್ಲಿ ಮಕ್ಕಳ ಅಕ್ಕಿಕಾಳು ಮುಗಿಸಿದವರು ಅವಧಿಗೆ ಮುಂಚಿನ ಋಣಮುಕ್ತಿಯ ಕಡೆಗೆ ಇಟ್ಟ ಹೆಜ್ಜೆ, ಸಾವಿರ ಸಣ್ಣ ಕಡಿತಗಳಿಗಿಂತ ದೊಡ್ಡದು. ಮಕ್ಕಳ ಹಾಲು, ಶಾಲೆ, ಬಸುರಿ ಬಾಣಂತಿಯರ ಆಹಾರ, ಮುದುಕರ ಔಷಧ ಇವುಗಳಿಂದ ಕಿತ್ತು ಅಸಲಿಗೆ ಕಟ್ಟಿದ ಹಣವನ್ನು ನಾನು ಮಿತವ್ಯಯವೆಂದು ಕರೆಯಲಾರೆ.

ಉಳಿದ ಹಣ ಕೈಯಲ್ಲಿ ನಿಲ್ಲುವುದು ಕಠಿಣ. ಇದಕ್ಕೆ ನೇಕಾರರ ಓಣಿಗಳಲ್ಲಿ ಪಿಗ್ಮಿಯು ಒಳ್ಳೆಯ ಉಪಾಯವಾಗಿದೆ. ಉಡುಪಿಯಲ್ಲಿ ಟಿ.ಎಂ.ಎ. ಪೈಯವರು ಮುಂದಾಗಿ 1928ರಲ್ಲಿ, ದಿನಕ್ಕೆ ಎರಡಾಣೆಯನ್ನಾದರೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಕ್ರಮವನ್ನು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯಲ್ಲಿ ಆರಂಭಿಸಿದರು. ಕರಾವಳಿಯ ನೇಕಾರರ ಸಂಕಷ್ಟವೇ ಆ ಸಂಸ್ಥೆಯ ಹುಟ್ಟಿಗೆ ಪ್ರೇರಣೆಯಾಗಿತ್ತೆಂಬುದು ಬನಹಟ್ಟಿಯವರು ತಿಳಿದಿರಬೇಕಾದ ಸಂಗತಿ. ಇಂದು ಪತ್ತಿನ ಸಂಘಗಳೂ ಸೌಹಾರ್ದ ಸಹಕಾರಿಗಳೂ ಅದೇ ಕ್ರಮವನ್ನು ಅನುಸರಿಸುತ್ತಿವೆ. ಮಗ್ಗದ ಸಪ್ಪಳದ ನಡುವೆ ಪಿಗ್ಮಿಯವನು ಬಾಗಿಲಲ್ಲಿ ನಿಂತು ಕೂಗಿದಾಗ, ಕಂಡಿಕೆ ಸುತ್ತುತ್ತಿದ್ದ ಗೃಹಿಣಿ ರಾಟೆಯನ್ನು ನಿಲ್ಲಿಸಿ ಐವತ್ತರ ನೋಟೊಂದನ್ನು ಕೊಟ್ಟು ಚೀಟಿಯನ್ನು ಕ್ಯಾಲೆಂಡರಿನ ಮೊಳೆಗೆ ಚುಚ್ಚುತ್ತಾಳೆ. ದಿನಕ್ಕೆ ಐವತ್ತಾದರೆ ವರ್ಷಕ್ಕೆ ಹದಿನೆಂಟು ಸಾವಿರದ ಮೇಲಾಯಿತು. ಪಿಗ್ಮಿಗೆ ದೊರೆಯುವ ಬಡ್ಡಿಯು ಮನೆಸಾಲದ ಬಡ್ಡಿಗಿಂತ ಕಡಿಮೆಯಾದುದರಿಂದ ಅದನ್ನು ವರ್ಷಗಟ್ಟಲೆ ಅಲ್ಲಿಯೇ ಬೆಳೆಯಬಿಡದೆ, ಮುಗಿದೊಡನೆ ತೆಗೆದು ಅಸಲಿಗೆ ವರ್ಗಾಯಿಸುವುದು ವಿಹಿತ. ಓಣಿಯವರು ತಿಂಗಳುತಿಂಗಳು ಹಣ ಕೂಡಿಸಿ ಸರದಿಯಂತೆ ಪಡೆಯುವ ಭಿಶಿಗೂ ಇದೇ ಮಾತು ಸಲ್ಲುತ್ತದೆ. 1775ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರಿಚರ್ಡ್ ಕೆಟ್ಲಿ ಎಂಬ ಛತ್ರದ ಒಡೆಯನು ಕೂಡಿಸಿದ ಮೊದಲ ಗೃಹನಿರ್ಮಾಣ ಸಂಘವೂ, ಸದಸ್ಯರು ತಿಂಗಳುತಿಂಗಳು ವಂತಿಗೆ ಹಾಕಿ ಒಬ್ಬೊಬ್ಬರಾಗಿ ಮನೆ ಪಡೆಯುವ, ಎಲ್ಲರಿಗೂ ಮನೆಯಾದ ಮೇಲೆ ವಿಸರ್ಜನೆಯಾಗುವ ಭಿಶಿಯಂಥ ವ್ಯವಸ್ಥೆಯೇ ಆಗಿತ್ತು.

ಕಬ್ಬಿನ ಸೀಮೆಯಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. ಮುಧೋಳ, ಜಮಖಂಡಿ, ಬೀಳಗಿಗಳ ನೀರಾವರಿ ರೈತನ ವರ್ಷದ ಆದಾಯವೆಲ್ಲ ನುರಿಸುವ ಹಂಗಾಮಿನ ಕೆಲವೇ ತಿಂಗಳುಗಳಲ್ಲಿ ಬರುತ್ತದೆ. ಕಬ್ಬು ಸರಬರಾಜಾದ ಹದಿನಾಲ್ಕು ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದೆ. ಆದರೆ ಬಾಕಿ ಬಿಲ್ಲಿಗಾಗಿ ರೈತರು ಬೀದಿಗಿಳಿಯುವುದು ಈ ಭಾಗದಲ್ಲಿ ಅಪರೂಪವೇನಲ್ಲ. ಹೀಗಿರುವಲ್ಲಿ ಬಿಲ್ಲು ಬಂದ ವಾರದಲ್ಲಿಯೇ ಇದ್ದದ್ದನ್ನೆಲ್ಲ ಅಸಲಿಗೆ ಸುರಿದು, ಶ್ರಾವಣದ ಹೊತ್ತಿಗೆ ತಿಂಗಳ ಕಂತಿಗೂ ಗತಿಯಿಲ್ಲದಂತಾಗಿ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಗಡ ತರುವವನು ಬಲಗೈಯಿಂದ ಉಳಿಸಿದ್ದನ್ನು ಎಡಗೈಯಿಂದ ಕಳೆಯುತ್ತಾನೆ. ಬಿಲ್ಲು ಜಮೆಯಾದೊಡನೆ ಮುಂದಿನ ಹಂಗಾಮಿನವರೆಗಿನ ಹನ್ನೆರಡು ಕಂತುಗಳನ್ನೂ ಬೀಜ ಗೊಬ್ಬರಗಳ ಹಣವನ್ನೂ ಬೇರೊಂದು ಖಾತೆಯಲ್ಲಿ ತೆಗೆದಿಟ್ಟು, ಆಮೇಲೆ ಉಳಿದದ್ದನ್ನು ಅಸಲಿಗೆ ಕಟ್ಟುವವನೇ ನಿಜವಾದ ಜಾಣ. ಬೀಳಗಿಯ ಕಡೆ ಪರಿಹಾರಧನದ ವಿಷಯ ಇದಕ್ಕಿಂತಲೂ ಗಂಭೀರವಾದದ್ದು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕಾಗಿ, ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಕೊಡಲು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ನಿರ್ಣಯಿಸಿತು. ಹೊಲ ಹೋದ ಮೇಲೆ ಬರುವ ಆ ಹಣವು ವರ್ಷದ ಆದಾಯವಲ್ಲ, ವಂಶದ ಮೂಲಧನ. ಪುನರ್ವಸತಿ ಕೇಂದ್ರದ ಹೊಸ ಮನೆಗೆ ತಂದ ಸಾಲವನ್ನು ಅದರಿಂದ ತೀರಿಸುವುದು ಯುಕ್ತವೇ. ಆದರೆ ಮೊದಲು ಉತ್ಪನ್ನ ಕೊಡುವ ಭೂಮಿಯೋ ಉದ್ಯೋಗವೋ ಗೊತ್ತಾಗಲಿ, ಆಮೇಲೆ ಮನೆಯ ಅಸಲು.

ಸಾಲಗಳು ಹಲವಾಗಿರುವಾಗ ಯಾವುದನ್ನು ಮೊದಲು ಮುಟ್ಟಿಸಬೇಕೆಂಬುದರಲ್ಲಿ ಜನ ಮಾಡುವ ತಪ್ಪು ಒಂದೇ: ಮನೆಯ ಮೇಲಿನ ಮಮತೆಯಿಂದ ಮನೆಸಾಲಕ್ಕೇ ಮೊದಲು ಕೈಹಾಕುವುದು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಖಾಸಗಿ ಸಾಲವೆಂದರೆ ವರ್ಷಕ್ಕೆ ಶೇ. 24 ಆಯಿತು, ಕಿರುಸಾಲದ ಸಂಸ್ಥೆಗಳದೂ ಮನೆಸಾಲಕ್ಕಿಂತ ಎಷ್ಟೋ ಹೆಚ್ಚಿನ ದರ, ವಸೂಲಿಯ ಕಾಟ ಬೇರೆ. ಆ ಕಾಟ ಮಿತಿಮೀರಿದುದರಿಂದಲೇ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯು ಕರ್ನಾಟಕದಲ್ಲಿ ಹೊರಟಿತು. ಬಂಗಾರದ ಮೇಲಿನ ಸಾಲವೂ ಸಾಮಾನ್ಯವಾಗಿ ಮನೆಸಾಲಕ್ಕಿಂತ ತುಟ್ಟಿ. ಇವುಗಳನ್ನೆಲ್ಲ ಹರಿದ ಮೇಲೆ ಮನೆಸಾಲದ ಸರದಿ. ಸಹಕಾರಿ ಸಂಘಗಳ ಮೂಲಕ 5 ಲಕ್ಷ ರೂಪಾಯಿಯವರೆಗೆ ಶೂನ್ಯ ಬಡ್ಡಿಯಲ್ಲಿ ದೊರೆಯುವ ಬೆಳೆಸಾಲವನ್ನು ಮುಂಚಿತವಾಗಿ ತೀರಿಸಿ ಲಾಭವೇನೂ ಇಲ್ಲ. ಗಡುವು ಮೀರಿದರೆ ಮಾತ್ರ ಆ ರಿಯಾಯಿತಿ ತಪ್ಪಿಹೋಗುವುದರಿಂದ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಬೇಕು.

ಅವಧಿಪೂರ್ವ ಪಾವತಿಯನ್ನು ಆಕ್ಷೇಪಿಸುವವರೂ ಇದ್ದಾರೆ. ಆದಾಯ ತೆರಿಗೆಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ 2 ಲಕ್ಷದವರೆಗೆ ದೊರೆಯುವ ವಿನಾಯಿತಿ ಕೈತಪ್ಪುವುದೆಂಬುದು ಸಂಬಳದಾರರ ವಾದ. ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇರುವುದು. ತೆರಿಗೆಯ ವ್ಯಾಪ್ತಿಗೇ ಬರದ ನೇಕಾರ ರೈತರಿಗಂತೂ ಅದರ ಸಂಬಂಧವೇ ಇಲ್ಲ. ಷೇರುಪೇಟೆಯಲ್ಲಿ ಹೂಡಿದರೆ ಹೆಚ್ಚು ಬಂದೀತೆಂಬ ಮಾತು ಲೆಕ್ಕದ ಮಟ್ಟಿಗೆ ನಿಜವಾಗಬಹುದಾದರೂ, ಅಸಲಿಗೆ ಕಟ್ಟಿದ ಹಣವು ಸಾಲದ ಬಡ್ಡಿದರದಷ್ಟು ಪ್ರತಿಫಲವನ್ನು ನಿಶ್ಚಯವಾಗಿ ಕೊಡುತ್ತದೆ. ಸಣ್ಣ ಆದಾಯದ ಸಂಸಾರಕ್ಕೆ ಆ ನಿಶ್ಚಯತೆಯ ಬೆಲೆ ದೊಡ್ಡದು. ನಾನು ಒಪ್ಪುವ ಆಕ್ಷೇಪ ಒಂದೇ, ಅದು ಆಪತ್ತಿನದು. 2019ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳು ಒಮ್ಮೆಗೇ ಉಕ್ಕಿ ಜಮಖಂಡಿ ಮುಧೋಳಗಳ ನದಿತೀರದ ಊರುಗಳನ್ನು ನುಂಗಿದಾಗ, ನೇಕಾರರ ಮಗ್ಗದ ಗುಂಡಿಗಳಲ್ಲಿ ನೀರು ನಿಂತು ನೂಲು ಕೊಳೆತಾಗ, ಅಸಲಿಗೆ ಕಟ್ಟಿದ್ದ ಹಣವನ್ನು ಬ್ಯಾಂಕಿನಿಂದ ಮರಳಿ ಕೇಳುವಂತಿರಲಿಲ್ಲ. ಆರು ತಿಂಗಳ ಕಂತು ಮತ್ತು ಮನೆಖರ್ಚು ಪ್ರತ್ಯೇಕವಾಗಿ ಠೇವಿನಲ್ಲಿ ಕೂಡುವವರೆಗೆ ಮುಂಗಡ ಕಟ್ಟುವ ಯೋಚನೆ ಬೇಡ. ಮನೆಗೆ ಪ್ರವಾಹದ ವಿಮೆಯೂ, ದುಡಿಯುವವನ ಜೀವಕ್ಕೆ ವಿಮೆಯೂ ಅಷ್ಟೇ ಅವಶ್ಯ. ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ರಕ್ಷಣೆ ಕೊಡುವ ಜೀವನ ಜ್ಯೋತಿ ವಿಮೆಯನ್ನಾದರೂ ಯಾವ ಸಾಲಗಾರನೂ ಬಿಡಕೂಡದು. ಕಂತು ತಪ್ಪಿದಾಗ 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಅರವತ್ತು ದಿನಗಳ ನೋಟೀಸು ಕೊಟ್ಟು, ನ್ಯಾಯಾಲಯದ ದಾವೆಯಿಲ್ಲದೆಯೇ ಮನೆಯನ್ನು ವಶಪಡಿಸಿಕೊಳ್ಳಬಹುದು. ಕೃಷಿ ಜಮೀನಿಗೆ ಆ ಕಾಯಿದೆಯಿಂದ ರಕ್ಷಣೆಯಿದೆ, ಪಟ್ಟಣದ ಮನೆಗಿಲ್ಲ.

2023ರ ಆಗಸ್ಟಿನಿಂದ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಹಲವು ಮನೆಗಳಲ್ಲಿ ಸಾಲದ ಕಡೆಗೆ ತಿರುಗಿಸಿದ್ದಾರೆ. ಮೇಲೆ ಹೇಳಿದ ಲೆಕ್ಕದಂತೆ ಅದೊಂದೇ ಮೊತ್ತ ಇಪ್ಪತ್ತು ವರ್ಷದ ಸಾಲವನ್ನು ಹದಿಮೂರಕ್ಕೆ ತರಬಲ್ಲುದು. ಆದರೆ ಅದು ಗೃಹಿಣಿಯ ಹಣ, ಅವಳ ಇಚ್ಛೆಯಿಂದ ಬರತಕ್ಕದ್ದು. ಅವಳ ಹಣವೂ ಅವಳ ಕಂಡಿಕೆಯ ದುಡಿಮೆಯೂ ಅವಳ ಅಡಿಗೆಮನೆಯ ಉಳಿತಾಯವೂ ಸೇರಿ ಬಿಡಿಸಿಕೊಂಡ ಮನೆಯು ಗಂಡನೊಬ್ಬನ ಹೆಸರಿನಲ್ಲಿಯೇ ಉಳಿಯುವುದು ಧರ್ಮವಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗಳಲ್ಲಿ ಮಹಿಳೆಯ ಹೆಸರಿಗೋ ಜಂಟಿಯಾಗಿಯೋ ಹಕ್ಕು ಇರಬೇಕೆಂದು ವಿಧಿಸಿರುವುದು ಸ್ತುತ್ಯವಾದದ್ದು. ಉಳಿದ ಮನೆಗಳವರಿಗೂ ಮಾರ್ಗವಿದೆ; ಅದು ಸಾಲ ತೀರಿದ ದಿನದ ಕಾಗದಪತ್ರಗಳ ಪ್ರಕರಣಕ್ಕೆ ಸೇರಿದ್ದು.

ಕಳೆದ ಶತಮಾನದ ಅಮೆರಿಕದಲ್ಲಿ ಸಾಲ ತೀರಿದ ಸಂಸಾರಗಳೂ ಇಗರ್ಜಿಗಳೂ ಬಂಧುಮಿತ್ರರನ್ನು ಕರೆದು ಅಡಮಾನಪತ್ರವನ್ನು ಸುಡುವ ಉತ್ಸವವನ್ನು ಆಚರಿಸುತ್ತಿದ್ದುವು. ನಮ್ಮಲ್ಲಿ ಒಂದು ಚೂರನ್ನೂ ಸುಡಬಾರದು. ಕೊನೆಯ ಕಂತು ಮುಟ್ಟಿದೊಡನೆ ಬೇಬಾಕಿ ಪತ್ರವನ್ನು ಕೇಳಿ ಪಡೆಯಬೇಕು. ಪೂರ್ಣ ಪಾವತಿಯಾದ 30 ದಿನಗಳೊಳಗೆ ಮೂಲಪತ್ರಗಳನ್ನು ಮರಳಿಸಬೇಕು, ಬ್ಯಾಂಕಿನ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ರಿಜರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ 1ರಿಂದ ಜಾರಿಯಲ್ಲಿದೆ. ಸಾಲ ಪಡೆಯುವಾಗ ಒಪ್ಪಿಸಿದ ಪತ್ರಗಳ ಯಾದಿಯನ್ನು ಎದುರಿಗಿಟ್ಟುಕೊಂಡು ಖರೀದಿಪತ್ರ, ಹಿಂದಿನ ಮಾಲೀಕರ ಪತ್ರಗಳು, ನಕಾಶೆ, ಕರ ಕಟ್ಟಿದ ಪಾವತಿಗಳನ್ನು ಹಾಳೆಹಾಳೆಯಾಗಿ ಎಣಿಸಿ ಪಡೆಯತಕ್ಕದ್ದು. ಅಲ್ಲಿಗೂ ಕೆಲಸ ಮುಗಿಯಲಿಲ್ಲ: ಉತಾರದಲ್ಲಿಯೂ ಉಪನೋಂದಣಿ ಕಚೇರಿಯ ದಾಖಲೆಯಲ್ಲಿಯೂ ಬ್ಯಾಂಕಿನ ಹೆಸರಿನ ಬೋಜಾ ಹಾಗೆಯೇ ನಿಂತಿರುತ್ತದೆ, ಬ್ಯಾಂಕಿನ ಪತ್ರದೊಂದಿಗೆ ಅರ್ಜಿ ಕೊಟ್ಟು ಅದನ್ನು ಕಡಿಮೆ ಮಾಡಿಸಿ, ಹೊಸ ಋಣಭಾರ ಪ್ರಮಾಣಪತ್ರದಲ್ಲಿ ಅದು ಹೋದುದನ್ನು ಕಣ್ಣಾರೆ ನೋಡಬೇಕು. ಇದೇ ಓಡಾಟದಲ್ಲಿ ಹೆಂಡತಿಯ ಹೆಸರನ್ನೂ ಹಕ್ಕಿಗೆ ಸೇರಿಸುವ ದಾನಪತ್ರವನ್ನು ಬರೆಸಬಹುದು. ಗಂಡ ಹೆಂಡಿರ ನಡುವಣ ದಾನಪತ್ರಕ್ಕೆ ಕರ್ನಾಟಕದಲ್ಲಿ ಕ್ರಯಪತ್ರದಂತೆ ಬೆಲೆಯ ಮೇಲಿನ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ಸಾವಿರಗಳ ಲೆಕ್ಕದ ಒಂದು ನಿಗದಿತ ಮೊತ್ತವಷ್ಟೇ. ಆ ಮೊತ್ತವನ್ನು ಕೊನೆಯ ವರ್ಷದ ಪಿಗ್ಮಿಯಿಂದಲೇ ತೆಗೆದಿರಿಸಿಕೊಳ್ಳಬಹುದು.